ಹೆಣ ಎಷ್ಟು ಸೆಟೆದಿದೆ ಅಂತ ಅಳೆಯೋಕೆ ಮೀಟರ್ ಇದೆಯಾ?

ಸೀರಿಯಲ್‌ನಲ್ಲಿ ಡಾಕ್ಟರ್ ಹೆಣದ ಕೈ ಮುಟ್ಟಿ 'ರಾತ್ರಿ ಹತ್ತೂವರೆಗೆ ಸತ್ತಿದ್ದಾನೆ' ಅಂತಾರೆ, ನಿಜವಾಗಿ ಅದನ್ನು ಅಳೆಯುವ ಉಪಕರಣ ಇದೆಯಾ ಅಂತ ಕೇಳಿದ್ದೀರಿ. ನಾನು ಕಾರವಾರ ಕಡೆ ಪೋಸ್ಟ್‌ಮಾರ್ಟಂ ಮಾಡುವ ವೈದ್ಯ. ನಮ್ಮಲ್ಲಿ ಅಂಥ ಮೀಟರ್ ಇಲ್ಲ, ಕೈಯಿಂದಲೇ ನೋಡುತ್ತೇವೆ. ರೆಪ್ಪೆ, ದವಡೆ, ಕುತ್ತಿಗೆ, ಮೊಣಕೈ, ಮೊಣಕಾಲು, ಬೆರಳು. ಎಲ್ಲಿ ಬಿಗಿ ಬಂದಿದೆ, ಎಲ್ಲಿ ಬಂದಿಲ್ಲ, ಎಲ್ಲಿ ಬಿಟ್ಟಿದೆ ಅಂತ ಬರೆಯುತ್ತೇವೆ, ಅಷ್ಟೇ.

ಸ್ನಾಯು ಸಡಿಲ ಆಗೋಕೂ ಎಟಿಪಿ ಅನ್ನುವ ಇಂಧನ ಬೇಕು. ಸತ್ತ ಮೇಲೆ ಅದು ಖಾಲಿಯಾಗುತ್ತದೆ. ಆಗ ಸ್ನಾಯುವಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತವೆ. ಇದೇ ರಿಗರ್ ಮಾರ್ಟಿಸ್. ಕೊಳೆಯಲು ಶುರುವಾದರೆ ಮತ್ತೆ ಸಡಿಲ. ಪೇಟೆಯಲ್ಲಿ ಬಂಗುಡೆಯ ತಲೆ ಹಿಡಿದು ಅಡ್ಡ ಎತ್ತಿ ನೋಡುತ್ತಾರಲ್ವಾ? ನೆಟ್ಟಗೆ ನಿಂತರೆ ತಾಜಾ, ಜೋತುಬಿದ್ದರೆ ಹಳೇದು. ಅದೂ ಇದೇ ಪರೀಕ್ಷೆ. ಆದರೆ ಆಗಷ್ಟೇ ಸತ್ತ ಮೀನೂ ಜೋತುಬೀಳುತ್ತದೆ! ಮನುಷ್ಯರಲ್ಲೂ ಹಾಗೇ. ಸಡಿಲ ಕೈ ಕಂಡರೆ ಬಿಗಿ ಇನ್ನೂ ಬಂದಿಲ್ಲವೋ, ಬಂದು ಹೋಗಿದೆಯೋ ಅಂತ ತಿಳಿಯಲು ಹೊಟ್ಟೆಯ ಹಸಿರು ಬಣ್ಣ, ವಾಸನೆ ಎಲ್ಲ ನೋಡಬೇಕು.

ನಮ್ಮ ಸೆಕೆಯಲ್ಲಿ ದವಡೆ, ಕುತ್ತಿಗೆ 1-2 ಗಂಟೆಯಲ್ಲೇ ಬಿಗಿಯಾಗಲು ಶುರು. ಸತ್ತು ಸುಮಾರು 12 ಗಂಟೆ ಆಗುವಷ್ಟರಲ್ಲಿ ಇಡೀ ಮೈ. ಬೇಸಿಗೆಯಲ್ಲಿ ಒಂದೂವರೆ ದಿನದೊಳಗೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಡಿಸೆಂಬರ್‌ನಲ್ಲಿ ಶಿರಸಿಯ ತೋಟದಲ್ಲಿ ರಾತ್ರಿಯಿಡೀ ಬಿದ್ದಿದ್ದರೆ ಲೆಕ್ಕ ಬೇರೆ, ಚಳಿಗೆ ಎಲ್ಲವೂ ನಿಧಾನ. ಸಾಯುವ ಮುಂಚೆ ಓಡಿದ್ದರೆ, ಫಿಟ್ಸ್ ಬಂದಿದ್ದರೆ ಬೇಗ ಬರುತ್ತದೆ. ಮೈ ಬಿಸಿ ನೋಡಿ ಹೇಳಬಹುದಲ್ಲ ಅಂತೀರಾ? ಕಾರವಾರದ ಏಪ್ರಿಲ್ ಮಧ್ಯಾಹ್ನದಲ್ಲಿ ಹೆಣ ತಣ್ಣಗಾಗುವುದೇ ಕಷ್ಟ.

ಅಳೆಯುವ ಪ್ರಯತ್ನ ಆಗಿಲ್ಲ ಅಂತಲ್ಲ. ಲ್ಯಾಬ್‌ನಲ್ಲಿ ಸತ್ತ ಇಲಿಯ ಕಾಲು ಬಗ್ಗಿಸಲು ಎಷ್ಟು ಬಲ ಬೇಕು ಅಂತ ಅಳೆದಿದ್ದಾರೆ. ತೊಂದರೆ ಏನೆಂದರೆ, ಜೋರಾಗಿ ಬಗ್ಗಿಸಿದರೆ ಬಿಗಿ ಮುರಿಯುತ್ತದೆ. ಪೂರ್ತಿ ಬಂದ ಬಿಗಿಯನ್ನು ಮುರಿದರೆ ಅದು ತಿರುಗಿ ಬರುವುದಿಲ್ಲ. ಶುರುವಿನಲ್ಲೇ ಮುರಿದರೆ ಮತ್ತೆ ಬರಬಹುದು, ಆದರೆ ಮೊದಲಿನಷ್ಟು ಅಲ್ಲ.

ಹಾಗಾಗಿ ಹೆಣ ಮುಟ್ಟುವ ಮೊದಲು ನಾನು ಮನೆಯವರನ್ನು, ಪೊಲೀಸರನ್ನು ಕೇಳುತ್ತೇನೆ: ಯಾರು ಎತ್ತಿದ್ರಿ, ಎಲ್ಲಿ ಹಿಡಿದ್ರಿ? ಕಾಳಿ ನದಿಯಿಂದ ಮೇಲೆತ್ತುವಾಗ ಕೈಕಾಲು ಹಿಡಿದೇ ಎಳೆಯುತ್ತಾರೆ. ಮನೆಯಲ್ಲಾದರೆ ಕೈಕಾಲು ನೀಟಾಗಿ ಚಾಚಿ, ದವಡೆಗೆ ಬಟ್ಟೆ, ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿರುತ್ತಾರೆ. ಮೈ ಸೆಟೆಯುವ ಮೊದಲು ಇದನ್ನೆಲ್ಲ ಮುಗಿಸಬೇಕು ಅಂತ ಹಿರಿಯರಿಗೆ ಮೊದಲಿಂದ ಗೊತ್ತು. ಬಟ್ಟೆ ಕಟ್ಟಿದ್ದು ಎಷ್ಟು ಹೊತ್ತಿಗೆ, ಆಗ ಬಾಯಿ ಸುಲಭವಾಗಿ ಮುಚ್ಚಿತಾ ಅನ್ನುವ ಉತ್ತರ ನನ್ನ ಕೈಗಿಂತ ಜಾಸ್ತಿ ಹೇಳುತ್ತದೆ.

ಇಷ್ಟೆಲ್ಲ ಮಾಡಿದರೂ ನಾನು ಬರೆಯುವುದು 'ಸತ್ತು 6ರಿಂದ 12 ಗಂಟೆ ಆಗಿರಬಹುದು' ಅನ್ನುವ ಥರ. ಅದಕ್ಕಿಂತ ಕಿರಿದು ಬೇಕಾದರೆ ಪೊಲೀಸರು ಕೊನೆಯ ಫೋನ್ ಕರೆ ಹುಡುಕಬೇಕು.