ಅಡಿಕೆ ತೋಟದಿಂದ ಅಡಿಕೆ ದ್ವೀಪಕ್ಕೆ: ಹೊಸನಗರದ ಅಣ್ಣನಿಗೆ ಉತ್ತರ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಕರೆಂಟ್ ಹೋಗಿ ಫೋನ್ ಸತ್ತಿತ್ತು, ಹಾಗಾಗಿ ಈಗ ಬರೆಯುತ್ತಿದ್ದೇನೆ. ಐದು ಮತ್ತು ಒಂಬತ್ತು ವರ್ಷದ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಮೊದಲ ಸಲ ಹೊರದೇಶಕ್ಕೆ ಕರೆದುಕೊಂಡು ಹೋಗಬೇಕು. ಏಜೆಂಟ್ ಒಬ್ಬರು ಏಳು ದಿನಕ್ಕೆ ಮೂರು ದೇಶ ಅಂತ ಪ್ಯಾಕೇಜ್ ಹೇಳಿದ್ದಾರೆ. ಅಷ್ಟು ದಿನ ತೋಟಕ್ಕೆ ನೀರು ಬಿಡುವವರು ಯಾರು? ಉಳಿದ ರಜೆಯಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸೋದು ಹೇಗೆ? ಇಷ್ಟು ನೀವು ಕೇಳಿದ್ದು. ಅಡಿಕೆ ಬೆಳೆಗಾರರ ಈ ಗುಂಪಿನಲ್ಲಿ ಇದೆಲ್ಲ ಯಾಕೆ ಅಂತ ಯಾರೋ ಕೆಳಗೆ ಬರೆದಿದ್ದಾರೆ. ಸ್ವಲ್ಪ ತಾಳಿ ಮಾರಾಯ್ರೆ, ನಮ್ಮ ಪ್ರವಾಸದಲ್ಲೂ ಅಡಿಕೆ ಇದೆ.

ಮೊದಲು ಆ ಪ್ಯಾಕೇಜ್ ಬಿಡಿ. ಏಳು ದಿನಕ್ಕೆ ಮೂರು ದೇಶ ಅಂದರೆ ಮಕ್ಕಳು ನೋಡೋದು ಬಸ್ಸಿನ ಸೀಟಿನ ಬೆನ್ನು. ಇನ್ನೊಂದು ವಿಷಯ ಇದೆ. ಹೊರದೇಶದ ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಐಟಿ ರಿಟರ್ನ್ಸ್ ಹಾಕಿದರೆ ಮಾತ್ರ ಅದು ವಾಪಸ್ ಬರುತ್ತದೆ. ನಮ್ಮಲ್ಲಿ ಎಷ್ಟು ಜನ ರಿಟರ್ನ್ಸ್ ಹಾಕುತ್ತಾರೆ? ಏಜೆಂಟ್ ಹೇಳಿದ ಬೆಲೆಯಲ್ಲಿ ಅದು ಸೇರಿದೆಯಾ ಅಂತ ಕೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ ಗೊತ್ತಾಗುತ್ತದೆ.

ನಾವು ಕಳೆದ ವರ್ಷ, 2025ರ ಏಪ್ರಿಲ್ ಕೊನೆಯಲ್ಲಿ ಹೋಗಿದ್ದು ಮಲೇಷ್ಯಾಕ್ಕೆ. ನಾನು, ಮನೆಯವರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಮನೆ ಬಿಟ್ಟು ಮನೆ ಸೇರಲು ಒಂಬತ್ತು ದಿನ. ಭಾರತೀಯರಿಗೆ ಅಲ್ಲಿ 30 ದಿನದವರೆಗೆ ವೀಸಾ ಬೇಡ. ಈ ವಿನಾಯಿತಿ 2026ರ ಡಿಸೆಂಬರ್ 31ರವರೆಗೆ ಇದೆ. ಇಂಥ ನಿಯಮ ಬದಲಾಗುತ್ತಾ ಇರುತ್ತದೆ, ಟಿಕೆಟ್ ಮಾಡುವ ದಿನ ಸರ್ಕಾರಿ ವೆಬ್‌ಸೈಟ್ ಇನ್ನೊಮ್ಮೆ ನೋಡಿ. ಅಲ್ಲಿ ಇಳಿಯುವ ಮೊದಲಿನ ಮೂರು ದಿನದೊಳಗೆ ಎಂಡಿಎಸಿ ಅನ್ನುವ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಮಕ್ಕಳದ್ದೂ ಬೇರೆ ಬೇರೆ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಅಸಲಿ ಅಲ್ಲ ಅಂತ ತಿಳಿಯಿರಿ.

ಪಾಸ್‌ಪೋರ್ಟ್ ಕಥೆ ಸ್ವಲ್ಪ ಉದ್ದ, ಯಾಕೆಂದರೆ ನಾವು ಎಡವಿದ್ದು ಅಲ್ಲೇ. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ಶಿವಮೊಗ್ಗದ ಪೋಸ್ಟ್ ಆಫೀಸಿನಲ್ಲೇ ಕೇಂದ್ರ ಇದೆ. ದೊಡ್ಡವರಿಗೆ 1500, ಮಕ್ಕಳಿಗೆ 1000 ರೂಪಾಯಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ. ಅಪ್ಪ ಅಮ್ಮ ಇಬ್ಬರೂ ಸಹಿ ಹಾಕುವ ಅನೆಕ್ಷರ್ ಡಿ ಅನ್ನುವ ಒಪ್ಪಿಗೆ ಪತ್ರ ಬೇಕು. ನಮಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಏನೆಂದರೆ, ಮಗನ ಜನನ ಪ್ರಮಾಣಪತ್ರದಲ್ಲಿ ಅವನ ಹೆಸರೇ ಇರಲಿಲ್ಲ! ಹೆರಿಗೆಯಾದ ಆಸ್ಪತ್ರೆಯಿಂದ ಹೋದ ಮಾಹಿತಿಯಲ್ಲಿ ‘ಗಂಡು ಮಗು’ ಅಂತ ಮಾತ್ರ ಇತ್ತು. ನಾಮಕರಣ ಆದಮೇಲೆ ಹೆಸರು ಸೇರಿಸಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಆರು ವರ್ಷ ಅದನ್ನು ಬಿಚ್ಚಿ ನೋಡಲಿಲ್ಲ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಪುಕ್ಕಟೆ. ಆಮೇಲೆ 15 ವರ್ಷದವರೆಗೂ ಸೇರಿಸಬಹುದು, ತಡವಾದ ಶುಲ್ಕ ಕಟ್ಟಬೇಕು ಅಷ್ಟೇ. ದುಡ್ಡು ದೊಡ್ಡದಲ್ಲ. ಓಡಾಟ ದೊಡ್ಡದು. ಇನ್ನೊಂದು, ನಮ್ಮ ಕಡೆಯ ಇನಿಷಿಯಲ್ ತಾಪತ್ರಯ. ಆಧಾರ್‌ನಲ್ಲಿ ಒಂದು ಅಕ್ಷರ, ಶಾಲೆಯಲ್ಲಿ ಎರಡು, ಪ್ರಮಾಣಪತ್ರದಲ್ಲಿ ಏನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಎಲ್ಲ ಕಡೆ ಒಂದೇ ತರ ಮಾಡಿಸಿಕೊಂಡೇ ಅರ್ಜಿ ಹಾಕಿ. ನಮಗೆ ಇದಕ್ಕೇ ಎರಡು ತಿಂಗಳು ಹೋಯಿತು.

ಇನ್ನು ತೋಟ. ಏಪ್ರಿಲ್ ಕೊನೆಯ ವಾರ ಇಟ್ಟುಕೊಂಡದ್ದು ಲೆಕ್ಕ ಹಾಕಿಯೇ. ಆಗ ಇರುವ ದೊಡ್ಡ ಕೆಲಸ ನೀರು ಒಂದೇ. ಪಕ್ಕದ ಮನೆಯವರು ಕಾಶಿಗೆ ಹೋದಾಗ ಅವರ ಕೊಟ್ಟಿಗೆ, ತೋಟ ನಾವು ನೋಡಿಕೊಂಡಿದ್ದೆವು. ಈ ಸಲ ಅವರು ಮುಯ್ಯಿ ತೀರಿಸಿದರು. ಯಾವ ವಾಲ್ವ್ ಯಾವ ದಿನ ಅಂತ ಪಂಪ್ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿಟ್ಟು ಹೋದೆವು. ಮೇ ಹದಿನೈದರ ನಂತರ ಮಾತ್ರ ಹೊರಡಬೇಡಿ. ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗೆ ಕೊಳೆರೋಗದ ಔಷಧ ಬೋರ್ಡೋ ಹೊಡೆಸಬೇಕು. ಮರ ಹತ್ತಿ ಅದನ್ನು ಹೊಡೆಯುವ ಕೊನೆಗಾರ ಒಂದು ದಿನ ಕೊಟ್ಟು ನೀವು ಇಲ್ಲದೆ ಹೋದರೆ ಮತ್ತೆ ಅವನು ಸಿಗೋದು ಯಾವಾಗಲೋ. ಆ ವರ್ಷ ಕೊಳೆ ಬಂದರೆ ಪ್ರವಾಸದ ಖರ್ಚು ಡಬಲ್ ಆದ ಹಾಗೆ.

ಖರ್ಚು ಕೇಳಿದ್ದೀರಿ. ವಿಮಾನ, ರೂಮು, ಊಟ ಎಲ್ಲ ಸೇರಿ ನಾಲ್ಕು ಕ್ವಿಂಟಲ್ ರಾಶಿ ಇಡಿ ಅಡಿಕೆಯ ದುಡ್ಡು ಅಂತ ಇಟ್ಟುಕೊಳ್ಳಿ. ಒಂದು ರಿಂಗಿಟ್ ಆಗ 20 ರೂಪಾಯಿ ಆಸುಪಾಸು ಇತ್ತು.

ಸಾಗರದಲ್ಲಿ ರಾತ್ರಿ ರೈಲು ಹತ್ತಿದೆವು. ಬೆಳಗಿನ ಜಾವ ಬೆಂಗಳೂರು, ಹಗಲೆಲ್ಲ ಭಾವನ ಮನೆಯಲ್ಲಿ ನಿದ್ದೆ, ರಾತ್ರಿ ವಿಮಾನ. ಕ್ವಾಲಾಲಂಪುರಕ್ಕೆ ನಾಲ್ಕು ಗಂಟೆ ಚಿಲ್ಲರೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಇಳಿದಾಗ ಅಲ್ಲಿ ಬೆಳಗಾಗಿತ್ತು. ಹೋಟೆಲಿನವರು ಮಧ್ಯಾಹ್ನ ಮೂರರವರೆಗೆ ರೂಮು ಕೊಡಲಿಲ್ಲ. ಮಗ ಸೋಫಾ ಮೇಲೆ ಬಾಯಿ ಕಳೆದುಕೊಂಡು ಮಲಗಿದ, ಮಗಳು ಅತ್ತಳು. ಬೆಳಗ್ಗೆ ಇಳಿಯುವ ವಿಮಾನ ಆದರೆ ಹಿಂದಿನ ರಾತ್ರಿಗೂ ಸೇರಿಸಿ ರೂಮು ಬುಕ್ ಮಾಡಿ. ಒಂದು ರಾತ್ರಿಯ ಬಾಡಿಗೆ ದಂಡ ಅನ್ನಿಸಬಹುದು. ಮಕ್ಕಳಿದ್ದರೆ ದಂಡ ಅಲ್ಲ.

ಕ್ವಾಲಾಲಂಪುರದಲ್ಲಿ ಎರಡೇ ದಿನ ಇದ್ದೆವು. ಬಾತು ಗುಹೆಯ 272 ಮೆಟ್ಟಿಲನ್ನು ಬೆಳಗ್ಗೆ ಎಂಟರೊಳಗೆ ಹತ್ತಿಬಿಡಿ, ಆಮೇಲೆ ಕಾಲು ಸುಡುತ್ತದೆ. ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ, ಅಲ್ಲಿನ ಮಂಗಗಳಿಗೆ ನಮ್ಮ ಮಂಗಗಳಷ್ಟೂ ನಾಚಿಕೆ ಇಲ್ಲ. 452 ಮೀಟರಿನ ಪೆಟ್ರೋನಾಸ್ ಜೋಡಿ ಗೋಪುರವನ್ನು ಹತ್ತು ನಿಮಿಷ ನೋಡಿದರು ಮಕ್ಕಳು. ಅದರ ಬುಡದ ಪಾರ್ಕಿನಲ್ಲಿ ಮೊಣಕಾಲುದ್ದದ ನೀರಿನ ಕೊಳ ಇದೆ, ಆಟದ ಜಾಗ ಇದೆ, ಎಲ್ಲ ಪುಕ್ಕಟೆ. ಅಲ್ಲಿ ಮೂರು ಗಂಟೆ ಆಡಿದರು. ಮರುದಿನ ಟಿಕೆಟ್ ಕೊಟ್ಟು ನೋಡಬೇಕು ಅಂದುಕೊಂಡಿದ್ದ ಒಂದು ಜಾಗ ಬಿಟ್ಟು ಮತ್ತೆ ಅಲ್ಲಿಗೇ ಹೋದೆವು. ನಾನು ಏಳು ದಿನಕ್ಕೆ ಮೂರು ದೇಶ ಬೇಡ ಅನ್ನೋದು ಇದಕ್ಕೇ. ಮಕ್ಕಳಿಗೆ ಒಂದು ಜಾಗ ಹಿಡಿಸಿದರೆ ಅಲ್ಲೇ ಇನ್ನೊಂದು ದಿನ ಇರಲು ಆಗಬೇಕು.

ಅಲ್ಲಿಂದ ಪೆನಾಂಗ್. ಅಡಿಕೆ ಬರೋದು ಇಲ್ಲಿ. ಮಲಯ ಭಾಷೆಯಲ್ಲಿ ಪುಲಾವ್ ಪಿನಾಂಗ್ ಅಂದರೆ ಅಡಿಕೆ ದ್ವೀಪ. ಪಿನಾಂಗ್ ಅಂದರೆ ಅಡಿಕೆ. ಆ ರಾಜ್ಯದ ಬಾವುಟದಲ್ಲೂ ಅಡಿಕೆ ಮರ ಇದೆ. ‘ಮೆಮಿನಾಂಗ್’ ಅಂದರೆ ಹೆಣ್ಣು ಕೇಳುವುದು, ಆ ಮಾತೂ ಪಿನಾಂಗ್‌ನಿಂದಲೇ ಹುಟ್ಟಿದ್ದು. ನಾವು ನಿಶ್ಚಯಕ್ಕೆ ವೀಳ್ಯ ಬದಲಿಸುತ್ತೇವಲ್ಲ, ಹಾಗೇ. ಇದನ್ನು ಹೋಗುವ ಮೊದಲೇ ಮಕ್ಕಳಿಗೆ ಹೇಳಿದ್ದೆ. ಮಗ ರೈಲಿನ ಕಿಟಕಿಯಿಂದ ಅಡಿಕೆ ತೋಟ ಹುಡುಕುತ್ತಾ ಕೂತ. ಕಂಡದ್ದೆಲ್ಲ ತಾಳೆ ಎಣ್ಣೆ ತೋಟ! ದ್ವೀಪದಲ್ಲಿ ನಮಗೆ ಸಿಕ್ಕಿದ್ದು ಪಾರ್ಕಿನಲ್ಲಿ ನಾಲ್ಕಾರು ಮರ ಅಷ್ಟೇ. ‘ನಮ್ಮ ಹಿತ್ತಲಿನಲ್ಲೇ ಇದಕ್ಕಿಂತ ಜಾಸ್ತಿ ಇದೆ’ ಅಂತ ಮಗ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ.

ಕ್ವಾಲಾಲಂಪುರದಿಂದ ಬಟರ್‌ವರ್ತ್‌ಗೆ ಇಟಿಎಸ್ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಟಿಕೆಟ್ ಮೊದಲೇ ಮಾಡಿ, ರಜೆಗಳಲ್ಲಿ ತುಂಬಿಹೋಗುತ್ತದೆ. ಅಲ್ಲಿಂದ ಫೆರಿಯಲ್ಲಿ ಸಮುದ್ರ ದಾಟಿದರೆ ಜಾರ್ಜ್‌ಟೌನ್. ಅಲ್ಲಿ 13.5 ಕಿಲೋಮೀಟರಿನ ಸೇತುವೆಯೂ ಇದೆ, 1985ರದ್ದು. ಆದರೂ ಫೆರಿ ನಡೆಯುತ್ತಿದೆ. ನಮ್ಮ ಮಕ್ಕಳು ಸಿಗಂದೂರಿಗೆ ಲಾಂಚಿನಲ್ಲಿ ಹೋಗಿ ಬಂದವರು, ಫೆರಿ ನೋಡಿ ‘ಅಮ್ಮಾ, ಲಾಂಚು’ ಅಂತ ಕೂಗಿದರು. ನಾವು ವಾಪಸ್ ಬಂದು ಮೂರು ತಿಂಗಳಾಗುವ ಮೊದಲೇ, ಜುಲೈಯಲ್ಲಿ, ನಮ್ಮ ಶರಾವತಿ ಹಿನ್ನೀರಿಗೂ ಸೇತುವೆ ಆಯಿತು. ಆಗ ಮಗಳು ಕೇಳಿದ್ದು ಒಂದೇ, ‘ಲಾಂಚು ಇರುತ್ತದಾ?’

ಜಾರ್ಜ್‌ಟೌನಿನ ಹಳೇ ಪೇಟೆ 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಗೋಡೆಗಳ ಮೇಲೆ ದೊಡ್ಡ ಚಿತ್ರಗಳಿವೆ. ಅರ್ಮೇನಿಯನ್ ಬೀದಿಯಲ್ಲಿ ನಿಜವಾದ ಸೈಕಲ್ ಅಂಟಿಸಿ ಎರಡು ಮಕ್ಕಳನ್ನು ಬರೆದ ಗೋಡೆ ಇದೆ, ಅಲ್ಲಿ ಫೋಟೋಕ್ಕೆ ಸಾಲು. ಬೆಳಗ್ಗೆ ಬೇಗ ನಡೆದು ಮುಗಿಸಿ. ಹತ್ತರ ಮೇಲೆ ಕುಂದಾಪುರದ ಮೇ ತಿಂಗಳ ಸೆಕೆ. ಹಗಲು ರೂಮಿನಲ್ಲಿ ಮಲಗಿಸಿ, ಸಂಜೆ ಮತ್ತೆ ಹೊರಡಿ. ಪೆನಾಂಗ್ ಗುಡ್ಡಕ್ಕೆ ಹಗ್ಗದಲ್ಲಿ ಎಳೆಯುವ ರೈಲಿದೆ, 1923ರಲ್ಲಿ ಶುರುವಾದದ್ದು. ರೈಲು ಚೆನ್ನಾಗಿದೆ. ಗುಡ್ಡದ ಎತ್ತರ 833 ಮೀಟರ್. 1343 ಮೀಟರಿನ ಕೊಡಚಾದ್ರಿ ಹತ್ತಿದ ಮಕ್ಕಳು ‘ಇಷ್ಟೇನಾ’ ಅಂದರೆ ಬೈಯಬೇಡಿ.

ನಮ್ಮ ಗುಂಪಿನವರು ನೋಡಲೇಬೇಕಾದದ್ದು ತೆಲುಕ್ ಬಹಾಂಗ್‌ನಲ್ಲಿರುವ ಸಂಬಾರದ ತೋಟ, ಟ್ರಾಪಿಕಲ್ ಸ್ಪೈಸ್ ಗಾರ್ಡನ್. ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಎಲ್ಲ ಇದೆ. ‘ಇದು ನಮ್ಮ ಮನೆ ಹಿಂದೆ ಇದೆಯಲ್ಲ, ಟಿಕೆಟ್ ಯಾಕೆ?’ ಅಂತ ಮಗಳ ತಕರಾರು. ಆದರೆ ಜಾಯಿಕಾಯಿ ವಿಷಯದಲ್ಲಿ ಅವರು ನಮಗಿಂತ ಜಾಣರು. ನಾವು ಕಾಯಿ, ಜಾಪತ್ರೆ ತೆಗೆದು ಸಿಪ್ಪೆಯನ್ನು ಮರದ ಬುಡಕ್ಕೇ ಬಿಸಾಡುತ್ತೇವೆ. ಅವರಿಗೆ ಸಿಪ್ಪೆಯೇ ಮಾಲು. ಶರಬತ್ತು ಮಾಡುತ್ತಾರೆ, ಸಕ್ಕರೆಯಲ್ಲಿ ಹಾಕಿ ಒಣಗಿಸಿ ಪೊಟ್ಟಣ ಕಟ್ಟಿ ಅಂಗಡಿ ತುಂಬ ಮಾರುತ್ತಾರೆ. ಮನೆಗೆ ಬಂದು ನಾನೂ ಮಾಡಿದೆ. ಸಿಪ್ಪೆಯ ಹೊರಗಿನ ತೆಳು ಪದರ ಹೆರೆದು, ಹೋಳು ಮಾಡಿ, ರಾತ್ರಿ ಉಪ್ಪುನೀರಿನಲ್ಲಿ ಬಿಟ್ಟರೆ ಒಗರು ಇಳಿಯುತ್ತದೆ. ಆಮೇಲೆ ಸಕ್ಕರೆ ಪಾಕದಲ್ಲಿ ಕುದಿಸೋದು. ಮೊದಲ ಸಲ ಒಗರು ಉಳಿದಿತ್ತು, ಎರಡನೇ ಸಲ ಅಡ್ಡಿಲ್ಲ. ಮಾವ ಮಾತ್ರ ಇನ್ನೂ ‘ಸಿಪ್ಪೆ ಪಾಕ’ ಅಂತಲೇ ಕರೆಯುತ್ತಾರೆ.

ಆದರೆ ಗಿಡ, ಬೀಜ ಮಾತ್ರ ತರಬೇಡಿ. ಒಳ್ಳೆ ತಳಿ ಕಂಡರೆ ನಮ್ಮಂಥವರ ಕೈ ಸುಮ್ನೆ ಇರಲ್ಲ, ಗೊತ್ತು. ಪರವಾನಗಿ ಇಲ್ಲದೆ ತರುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದರ ಜೊತೆ ಯಾವ ರೋಗ ಬರುತ್ತದೋ. ನಮಗೆ ಇರುವ ಎಲೆಚುಕ್ಕಿಯೇ ಸಾಕಾಗಿದೆ ಅಲ್ವಾ?

ಊಟಕ್ಕೆ ಹೆದರಬೇಡಿ. ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ ಸಿಗುತ್ತದೆ. ರೋಟಿ ಚನಾಯ್ ಅಂದರೆ ನಮ್ಮ ಪರೋಟದ ತಮ್ಮ, ಬೇಳೆ ಸಾರಿನ ಜೊತೆ ಕೊಡುತ್ತಾರೆ, ಮಕ್ಕಳು ಮೂರು ಹೊತ್ತೂ ತಿಂದರು. ಸಸ್ಯಾಹಾರಿಗಳಾದರೆ ಒಂದು ಎಚ್ಚರ. ತರಕಾರಿ ಪದಾರ್ಥದಲ್ಲೂ ‘ಬೆಲಚಾನ್’ ಅನ್ನುವ ಸಿಗಡಿ ಮುದ್ದೆ ಹಾಕಿರುತ್ತಾರೆ, ಆ ಹೆಸರು ಹಿಡಿದೇ ಕೇಳಿ. ನಾವು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಎರಡು ಪದರ ಕಟ್ಟಿ ಇಡಿ, ಕೈಚೀಲದಲ್ಲಿ ಬಿಡಲ್ಲ. ನೀವು ಸಿಂಗಾಪುರ, ದುಬೈ ಕಡೆ ಹೋಗುವುದಾದರೆ ಗಸಗಸೆ ಬೇಡವೇ ಬೇಡ, ಅಲ್ಲಿ ಅದು ನಿಷಿದ್ಧ. ಅಜ್ಜಿ ಕಟ್ಟಿಕೊಟ್ಟ ಉಂಡೆಯಲ್ಲಿ ಇದೆಯಾ ಅಂತಲೂ ನೋಡಿ. ದುಬೈಗೆ ವೀಳ್ಯದೆಲೆಯೂ ಒಯ್ಯುವಂತಿಲ್ಲ. ಮಾವನನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಹೇಳಿಬಿಡಿ, ವಿಮಾನ ನಿಲ್ದಾಣದಲ್ಲಿ ಹೇಳಿದರೆ ಕಷ್ಟ.

ಈಗ ಉಳಿದ ದಿನಗಳು. ಒಂಬತ್ತು ದಿನ ಕಳೆದರೂ ರಜೆಯಲ್ಲಿ ಹೆಚ್ಚುಕಡಿಮೆ ನಲವತ್ತು ದಿನ ಮಿಗುತ್ತದೆ. ಮೊಬೈಲ್ ಕಿತ್ತುಕೊಂಡು ನಾನು ಗೆದ್ದಿಲ್ಲ. ಸ್ವಲ್ಪ ಕೆಲಸ ಮಾಡಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಎಡಗಡೆ ‘ಇಲ್ಲಿ’, ಬಲಗಡೆ ‘ಅಲ್ಲಿ’. ಹೊರಡುವ ಮೊದಲೇ ಎಡಗಡೆ ತುಂಬಿಸಿದರು. ಹಲಸು, ಲಾಂಚು, ಅಡಿಕೆ ಹಾಳೆ, ಮುರುಗಲು (ಪುನರ್ಪುಳಿ), ಪಕ್ಕದ ಮನೆ ನಾಯಿ, ಎಲ್ಲದರ ಚಿತ್ರ. ಅಲ್ಲಿ ಅದಕ್ಕೆ ಜೋಡಿ ಹುಡುಕೋದು. ಹಲಸಿಗೆ ದುರಿಯನ್ ಸಿಕ್ಕಿತು. ಮಗ ವಾಸನೆಗೆ ಮೂಗು ಮುಚ್ಚಿಕೊಂಡೇ ಅದರ ಚಿತ್ರ ಬರೆದ. ಮುರುಗಲಿಗೆ ಜೋಡಿ ಸಿಗಲಿಲ್ಲ, ಆ ಪುಟ ಖಾಲಿ ಇದೆ.

ಮನೆಯಲ್ಲಿ ಬೆಳಗ್ಗೆ ಒಂದು ಕೆಲಸ ಅವರ ಪಾಲಿಗೆ ಬಿಡಿ. ಹಲಸಿನ ಹಪ್ಪಳ ತಟ್ಟೋದು, ಕಾಗೆ ಕಾಯೋದು, ಮುರುಗಲು ಒಡೆದು ಸಿಪ್ಪೆ ಹರಡೋದು. ಸಂಜೆ ಹಾಳೆ ಗಾಡಿ, ಒಬ್ಬರು ಕೂತು ಒಬ್ಬರು ಎಳೆಯೋದು. ಚಡ್ಡಿ ಹರಿಯುತ್ತದೆ, ಹರಿಯಲಿ ಬಿಡಿ. ವಾರಕ್ಕೊಂದು ಸಲ ಹೊರಗೆ. ಸಕ್ರೆಬೈಲಿಗೆ ಬೆಳಗ್ಗೆಯೇ ಹೋದರೆ ಆನೆಗಳ ಸ್ನಾನ ನೋಡಬಹುದು, ಮಧ್ಯಾಹ್ನ ಹೋದರೆ ಏನೂ ಇಲ್ಲ. ಮೇ ತಿಂಗಳಲ್ಲಿ ಜೋಗಕ್ಕೆ ಹೋಗಿ ಬರೀ ಬಂಡೆ ನೋಡಬೇಡಿ.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈಜು ಕಲಿಸುವುದಾದರೆ ಗುರುತಿನ ಹಳ್ಳದಲ್ಲಿ, ಸೊಂಟದುದ್ದದ ನೀರಿನಲ್ಲಿ, ದೊಡ್ಡವರು ನೀರಿಗಿಳಿದು ಕಲಿಸಿ. ಹಿನ್ನೀರು ಬೇಡ. ಅಲ್ಲಿ ಮುಳುಗಿದ ಮರದ ಬೊಡ್ಡೆಗಳಿರುತ್ತವೆ, ಒಂದು ಹೆಜ್ಜೆಗೆ ಆಳ ಬದಲಾಗುತ್ತದೆ. ಇನ್ನೊಂದು, ಕೌಳಿಹಣ್ಣು, ಮುಳ್ಳುಹಣ್ಣು ಅಂತ ಮಕ್ಕಳು ಕಾಡಿಗೆ ನುಗ್ಗುವ ಕಾಲವೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಉದ್ದ ಬಟ್ಟೆ ಹಾಕಿಸಿ. ಬಂದ ಮೇಲೆ ಬಟ್ಟೆ ಬದಲಿಸಿ, ಬಿಸಿನೀರು ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳಲ್ಲಿ ನೋಡಿ. ಮಂಗ ಸತ್ತ ಸುದ್ದಿ ಇರುವ ಕಡೆಗೆ ಕಳಿಸಲೇಬೇಡಿ. ವಿಮಾನದ ಟಿಕೆಟ್ ಇದ್ದ ವರ್ಷ ನಾನಂತೂ ಹೊರಡುವ ಹದಿನೈದು ದಿನ ಮೊದಲೇ ಕಾಡು ಬಂದ್ ಮಾಡಿದ್ದೆ. ಹಣ್ಣು ಮಾತ್ರ ಅವರಪ್ಪ ತಂದುಕೊಟ್ಟರು, ಅವರನ್ನೂ ಅಂಗಳದಲ್ಲೇ ನಿಲ್ಲಿಸಿ ಉಣುಗು ಹುಡುಕಿದ್ದಾಯಿತು.

ಸದ್ಯಕ್ಕೆ ನೀವು ಮಾಡಬೇಕಾದದ್ದು ಒಂದೇ. ಬೀರು ತೆಗೆದು ಇಬ್ಬರು ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರು ಇದೆಯಾ ನೋಡಿ. ಇದ್ದರೆ ಇಲ್ಲಿ ‘ಇದೆ’ ಅಂತ ಬರೆಯಿರಿ ಸಾಕು, ಫೋಟೋ ಹಾಕಬೇಡಿ. ಇಲ್ಲ ಅಂದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಯಾವ ಕಿಟಕಿಯಲ್ಲಿ ಏನು ಕೇಳಬೇಕು ಅಂತ ಹೇಳುತ್ತೇನೆ.