ಹಾಡಿದವರೆಲ್ಲ ಸಂಯೋಜಕರಲ್ಲ

ಸಾಗರದ ಗೆಳೆಯರಿಗೆ, ಶಿವಮೊಗ್ಗದಿಂದ ನಮಸ್ಕಾರ.

ನಮ್ಮ ವಿಕಿಗೆಂದು ನೀವು ಕಳಿಸಿದ ಮಲೆನಾಡಿನ ಸಂಗೀತಗಾರರ ಲೇಖನಗಳನ್ನು ಎರಡು ಸಲ ಓದಿದೆ. ದುಡಿದಿದ್ದೀರಿ, ಅದು ಕಾಣುತ್ತದೆ. ಆದರೆ ಇದ್ದ ಹಾಗೇ ಹಾಕಲಾರೆ. ಕುವೆಂಪು, ಅಕ್ಕಮಹಾದೇವಿ, ಶಿವಮೊಗ್ಗ ಸುಬ್ಬಣ್ಣ ಮೂವರನ್ನೂ ‘ಸಂಗೀತ ಸಂಯೋಜಕರು’ ವರ್ಗಕ್ಕೆ ಸೇರಿಸಿದ್ದೀರಿ. ಮೂವರಲ್ಲಿ ಯಾರ ಹೆಸರೂ ರಾಗ ಹಾಕಿದ್ದಕ್ಕಾಗಿ ಉಳಿದದ್ದಲ್ಲ.

ಭದ್ರಾವತಿ ಆಕಾಶವಾಣಿಯಲ್ಲಿ ಭಾವಗೀತೆ ಮುಗಿದ ಮೇಲೆ ಏನು ಹೇಳುತ್ತಿದ್ದರು, ನೆನಪಿದೆಯೇ? ರಚನೆ ಇಂಥವರದು, ರಾಗ ಸಂಯೋಜನೆ ಇಂಥವರದು, ಹಾಡಿದವರು ಇಂಥವರು. ಚಿಕ್ಕವನಿದ್ದಾಗ ಅಡಿಕೆ ಸುಲಿಯುವ ಚಪ್ಪರದಲ್ಲಿ ಆ ಮೂರು ಹೆಸರು ಕೇಳಿಸಿಕೊಳ್ಳಲೆಂದು ಮೆಟ್ಟುಗತ್ತಿಯ ಮೇಲೆ ಕೈ ನಿಲ್ಲಿಸಿ ಕೂರುತ್ತಿದ್ದೆ. ವರ್ಗ ಹಾಕುವಾಗಲೂ ವ್ಯಕ್ತಿಯಿಂದ ಶುರು ಮಾಡಬೇಡಿ, ಹಾಡಿನಿಂದ ಶುರು ಮಾಡಿ.

‘ಜೋಗದ ಸಿರಿ ಬೆಳಕಿನಲ್ಲಿ’ ತೆಗೆದುಕೊಳ್ಳಿ. ಮಾತು ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು, ಹಾಡಿದವರು ಲೆಕ್ಕವಿಲ್ಲದಷ್ಟು. ನಾಡಗೀತೆಯಲ್ಲಂತೂ ಸಾಹಿತ್ಯ ಕುವೆಂಪು ಅವರದೇ ಆದರೂ, ಧಾಟಿ ಅನಂತಸ್ವಾಮಿ ಅವರದು ಬೇಕೋ ಸಿ. ಅಶ್ವತ್ಥ್ ಅವರದು ಬೇಕೋ ಎಂದು ವರ್ಷಗಟ್ಟಲೆ ಚರ್ಚೆಯಾಗಿ, 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿತು. ಇಬ್ಬರೂ ರಾಗ ಹಾಕಿದವರು, ಇಬ್ಬರೂ ಹಾಡಿದವರು. ಅವರನ್ನು ಎರಡೂ ವರ್ಗಕ್ಕೆ ಹಾಕಿ, ತಪ್ಪಿಲ್ಲ. ಕುವೆಂಪು ಕವಿಗಳಲ್ಲಿರಲಿ. ಉಡುತಡಿಯ ಅಕ್ಕ ವಚನಕಾರ್ತಿ. ಇಂದು ನಾವು ಕೇಳುವ ಧಾಟಿಗಳು ಎಷ್ಟೋ ಕಾಲದ ಮೇಲೆ ಬೇರೆಯವರು ಕೂರಿಸಿದ್ದು.

ಸುಬ್ಬಣ್ಣನವರ ವಿಷಯಕ್ಕೆ ಬರುತ್ತೇನೆ, ನನಗೆ ಬೇಸರವಾದದ್ದು ಅಲ್ಲೇ. ‘ಕಾಡು ಕುದುರೆ ಓಡಿ ಬಂದಿತ್ತಾ’ ಕಂಬಾರರ ಪದ. ಅದಕ್ಕೆ ಸುಬ್ಬಣ್ಣನವರಿಗೆ ಬಂದ ರಾಷ್ಟ್ರಪ್ರಶಸ್ತಿ ಹಿನ್ನೆಲೆ ಗಾಯನಕ್ಕೆ, ಬರೀ ಕಂಠಕ್ಕೆ. ಗಾಯಕ ಎಂದರೆ ಕಡಿಮೆಯಾದೀತು ಎಂದು ಸಂಯೋಜಕ ಎಂದಿರೇನೋ. ಗಾಯಕ ಎನ್ನುವುದು ಕೆಳಗಿನ ಮೆಟ್ಟಿಲಲ್ಲ. ಇಲ್ಲದ ಬಿರುದು ಕೊಟ್ಟರೆ ಇದ್ದ ಸಾಧನೆ ಮರೆಯಾಗುತ್ತದೆ.

ಶಾಸ್ತ್ರೀಯ ಸಂಗೀತಕ್ಕೆ ನಮ್ಮಲ್ಲೇ ಒಳ್ಳೆಯ ಪದವಿದೆ, ವಾಗ್ಗೇಯಕಾರ. ಮಾತು, ಧಾತು, ಅಂದರೆ ಸಾಹಿತ್ಯ, ಸಂಗೀತ ಎರಡನ್ನೂ ಕಟ್ಟಿದವರು. ‘ವಾಸುದೇವ’ ಅಂಕಿತದ ಮೈಸೂರು ವಾಸುದೇವಾಚಾರ್ಯರು ಅಲ್ಲಿಗೇ ಸೇರಬೇಕು. ಅವರು ಕಛೇರಿಯನ್ನೂ ಮಾಡಿದವರು, ಆದರೆ ಇಂದು ಊರೂರಲ್ಲಿ ಬೇರೆಯವರ ಬಾಯಲ್ಲಿ ಬದುಕಿರುವುದು ಅವರ ಕೃತಿಗಳು. ಚೌಡಯ್ಯನವರದು ಉಲ್ಟಾ. ಕೃತಿ ರಚಿಸಿದ್ದಾರೆ ನಿಜ, ಆದರೂ ಲೇಖನದ ಮೊದಲ ವಾಕ್ಯ ಏಳು ತಂತಿಯ ಪಿಟೀಲನ್ನು ಬಿಟ್ಟು ಶುರುವಾಗುವುದೇ ಇಲ್ಲ. ಹಾಗಾಗಿ ಅವರಿಗೆ ಪಿಟೀಲು ವಾದಕರ ವರ್ಗ ಮೊದಲು. ರಚನೆಗಳ ಬಗ್ಗೆ ಆಧಾರಸಹಿತ ಒಂದು ಪ್ಯಾರಾ ಬರೆದ ಮೇಲೆ ಇನ್ನೊಂದು ವರ್ಗ ಸೇರಿಸಿ. ಬರೆಯದೆ ವರ್ಗ ಮಾತ್ರ ಅಂಟಿಸಬೇಡಿ. ‘ಸಂಗೀತಗಾರರು’ ಎನ್ನುವುದು ಇವೆಲ್ಲದರ ಮೇಲಿನ ಮನೆ, ಉಪವರ್ಗ ಸಿಕ್ಕವರನ್ನು ಮತ್ತೆ ಅಲ್ಲಿ ಹೆಸರಿಸಬೇಕಿಲ್ಲ.

ಸುಬ್ಬಣ್ಣನವರ ಲೇಖನವನ್ನೇ ಮೊದಲು ತಿದ್ದಿ ಕಳಿಸಿ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಅವರು ಹುಟ್ಟಿದ ಬಗ್ಗೆ ಬರೆದ ಪ್ಯಾರಾ ಚೆಂದ ಇದೆ, ಅದನ್ನು ಮುಟ್ಟಬೇಡಿ.