ಸೆನ್ಸರ್ 85 ಡಿಗ್ರಿ ಅನ್ನುತ್ತಿದೆ, ನಂಬಬೇಕೇ?

ಪ್ರಶ್ನೆ: ಆರ್ಡುಯಿನೊ ಊನೊ ಬೋರ್ಡಿನ ಒಂದೇ ಪಿನ್ನಿಗೆ ಮೂರು ಡಿಎಸ್18ಬಿ20 ತಾಪಮಾನ ಸೆನ್ಸರ್ ಮಾಡ್ಯೂಲ್ ಜೋಡಿಸಿದ್ದೇನೆ. ತಾಪಮಾನ ಓದುವಾಗ ಬಟನ್ ಒತ್ತಿದರೆ ಬೋರ್ಡ್ ಗಮನಿಸುತ್ತಿರಲಿಲ್ಲ. ಅದಕ್ಕೆ ಪ್ರೋಗ್ರಾಮಿನಲ್ಲಿ ಕಾಯುವುದನ್ನೇ ತೆಗೆದುಹಾಕಿದೆ. ಈಗ ಆನ್ ಮಾಡಿದ ಕೂಡಲೇ 85 ಬರುತ್ತದೆ, ನಂತರ 27, 28 ಸರಿಯಾಗಿ ಬರುತ್ತಿರುವಾಗ ಮಧ್ಯೆ ಮತ್ತೆ 85, ಒಮ್ಮೊಮ್ಮೆ -127. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಹೊಸ ಸೆನ್ಸರ್ ಕೊಳ್ಳುವ ಅವಸರ ಬೇಡ. 85 ಆಗಲಿ -127 ಆಗಲಿ ಅಳತೆಯೇ ಅಲ್ಲ, ಎರಡರ ಮೂಲವೂ ಬೇರೆ ಬೇರೆ.

ಈ ಚಿಪ್‌ಗೆ ವಿದ್ಯುತ್ ಬಂದ ಕ್ಷಣ ಅದರ ತಾಪಮಾನದ ರಿಜಿಸ್ಟರಿನಲ್ಲಿ (ಅಳತೆ ಇಟ್ಟುಕೊಳ್ಳುವ ಜಾಗ) ಹೆಕ್ಸ್, ಅಂದರೆ ಹದಿನಾರರ ಮೂಲದ ಸಂಖ್ಯೆ, 0550 ಕೂತಿರುತ್ತದೆ. ದಶಮಾನದಲ್ಲಿ ಅದು 1360. ಒಂದು ಡಿಗ್ರಿಗೆ 16 ಮೆಟ್ಟಿಲು, ಆದ್ದರಿಂದ 16ರಿಂದ ಭಾಗಿಸಿದರೆ 85. 'ಅಳೆ' ಎಂಬ ಆದೇಶ, ಅಂದರೆ ಹೆಕ್ಸ್ 44, ಕೊಟ್ಟ ಮೇಲೆ 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್‌ವರೆಗೂ ಹಿಡಿಯುತ್ತದೆ. ಅದಕ್ಕೂ ಮೊದಲೇ ಓದಿದರೆ ರಿಜಿಸ್ಟರಿನಲ್ಲಿ ಇದ್ದದ್ದೇ ಕೈಗೆ ಬರುತ್ತದೆ. ಆನ್ ಮಾಡಿದಾಗಿನ 85ಕ್ಕೆ ನಿಮ್ಮ ಅವಸರವೇ ಕಾರಣ.

ಮಧ್ಯೆ ಬರುವ 85ರ ಕಥೆ ಬೇರೆ. ಒಂದು ಅಳತೆ ಸರಿಯಾಗಿ ಮುಗಿದ ಮೇಲೆ ಕಾಯದೆ ಓದಿದರೆ ಹಿಂದಿನ ಅಳತೆ ಸಿಗಬೇಕೇ ಹೊರತು 85 ಅಲ್ಲ. ಹಾಗಾಗಿ ನಡುವೆ ಎಲ್ಲೋ ಚಿಪ್ ರೀಸೆಟ್ ಆಗಿದೆ, ಅಂದರೆ ವಿದ್ಯುತ್ ಕ್ಷಣಕಾಲ ಕುಸಿದಿದೆ. ರಿಲೇ, ಮೋಟಾರ್ ಅದೇ 5 ವೋಲ್ಟ್ ಸರಬರಾಜಿನಲ್ಲಿದ್ದರೆ ಮೊದಲು ಅವುಗಳ ಮೇಲೆ ಅನುಮಾನ ಪಡಿ. ಪ್ರತಿ ಸೆನ್ಸರಿನ ಪಕ್ಕದಲ್ಲೇ ಪ್ಲಸ್ಸಿಗೂ ಗ್ರೌಂಡಿಗೂ ನಡುವೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ. ಎರಡೇ ವೈರಿನಲ್ಲಿ, ಡೇಟಾ ವೈರಿನಿಂದಲೇ ವಿದ್ಯುತ್ ಎಳೆಯುವ ಜೋಡಣೆ ಮಾಡಿದ್ದರೆ ಅದನ್ನು ಬಿಟ್ಟುಬಿಡಿ. ಮೂರನೆಯ ವೈರ್ ಎಳೆದರೆ ಅರ್ಧ ತಲೆನೋವು ಹೋಗುತ್ತದೆ.

85 ಕಂಡರೆ ಕಣ್ಣುಮುಚ್ಚಿ ತಳ್ಳಿಹಾಕು ಎಂದು ಪ್ರೋಗ್ರಾಂ ಬರೆಯುವವರಿದ್ದಾರೆ. ಬಿಸಿನೀರು ಅಳೆಯುವವರಿಗೆ ಇದು ಆಗದ ಮಾತು. ಹಿಂದಿನ ಅಳತೆ ನೋಡಿ: 84.9ರ ಮೇಲೆ 85 ಬಂದರೆ ನಿಜ, 27ರ ಮೇಲೆ ಬಂದರೆ ಸುಳ್ಳು.

-127 ಅನ್ನುವುದು ಸೆನ್ಸರಲ್ಲ, ಲೈಬ್ರರಿ, ಅಂದರೆ ಸೆನ್ಸರ್ ಓದಲು ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ಈ ಚಿಪ್ ಅಳೆಯುವುದೇ -55ರಿಂದ 125 ಡಿಗ್ರಿವರೆಗೆ. ಉತ್ತರವೇ ಬರದಿದ್ದಾಗ, ಇಲ್ಲವೇ ಬಂದ ಬೈಟುಗಳು ದಾರಿಯಲ್ಲಿ ಕೆಟ್ಟಿಲ್ಲವೇ ಎಂದು ನೋಡುವ ಸಿಆರ್‌ಸಿ ಪರೀಕ್ಷೆಯಲ್ಲಿ ಫೇಲಾದಾಗ, ಲೈಬ್ರರಿ ಆ ಸಂಖ್ಯೆ ಕೊಡುತ್ತದೆ. ಸಡಿಲ ವೈರ್, ನಕ್ಷತ್ರದ ಹಾಗೆ ಕವಲೊಡೆದ ಉದ್ದದ ಕೇಬಲ್, ತಪ್ಪು ಪುಲ್-ಅಪ್ (ಡೇಟಾ ವೈರನ್ನು 5 ವೋಲ್ಟಿಗೆ ಎತ್ತಿ ಹಿಡಿಯುವ ರೆಸಿಸ್ಟರ್) ಇವೇ ಸಾಮಾನ್ಯ ಕಾರಣಗಳು. ಪುಲ್-ಅಪ್ ಇಡೀ ಲೈನಿಗೆ ಒಂದು ಸಾಕು, 4.7 ಕಿಲೋಓಮ್. ಮಾಡ್ಯೂಲ್ ಕೊಂಡರೆ ಪ್ರತಿಯೊಂದರ ಮೇಲೂ ಒಂದು ರೆಸಿಸ್ಟರ್ ಇರುವುದುಂಟು. ಮೂರು ಸಮಾನಾಂತರವಾಗಿ ಸೇರಿದರೆ ಸುಮಾರು 1.57 ಕಿಲೋಓಮ್, ಇನ್ನೂ ನಡೆಯುತ್ತದೆ. ಐದಾದರೆ 940 ಓಮ್; ಆಗ 5 ವೋಲ್ಟ್ ಲೈನನ್ನು ಕೆಳಗೆಳೆಯಲು 5 ಮಿಲಿಆಂಪಿಯರಿಗೂ ಹೆಚ್ಚು ಬೇಕು, ಸೆನ್ಸರಿನ ಪಿನ್ನಿಗೆ ಹೇಳಿರುವುದು 4. ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತುಬಿಡಿ.

ಸ್ವಂತ ಕೋಡ್ ಬರೆಯುವವರಿಗೆ ಇಲ್ಲೊಂದು ಎಡವುವ ಜಾಗ ಇದೆ. ಡೇಟಾ ವೈರ್ ಗ್ರೌಂಡಿಗೆ ತಾಗಿದರೆ ಓದಿಕೊಳ್ಳುವ ಒಂಬತ್ತು ಬೈಟುಗಳೂ ಸೊನ್ನೆ. ಸೊನ್ನೆಗಳ ಸಿಆರ್‌ಸಿಯೂ ಸೊನ್ನೆಯೇ, ಆದ್ದರಿಂದ ಪರೀಕ್ಷೆ ಪಾಸು! ಪರದೆಯ ಮೇಲೆ ಅಚ್ಚುಕಟ್ಟಾಗಿ 0.00 ಡಿಗ್ರಿ. ಎಲ್ಲ ಬೈಟೂ ಸೊನ್ನೆಯೇ ಎಂದು ಪ್ರತ್ಯೇಕವಾಗಿ ನೋಡಲೇಬೇಕು.

ಇನ್ನು ಬಟನ್. ಕಾಯುವುದು ಬೇಕು, ಆದರೆ ಸುಮ್ಮನೆ ನಿಂತು ಕಾಯಬೇಕಿಲ್ಲ. 'ಅಳೆ' ಎಂದು ಹೇಳಿ ಆ ಹೊತ್ತನ್ನು, ಬೋರ್ಡ್ ಆನ್ ಆದಾಗಿನಿಂದ ಕಳೆದ ಮಿಲಿಸೆಕೆಂಡ್ ಹೇಳುವ ಮಿಲ್ಲಿಸ್‌ನಿಂದ ಗುರುತಿಟ್ಟುಕೊಳ್ಳಿ, ಬಟನ್ ನೋಡುತ್ತಿರಿ, 750 ಮಿಲಿಸೆಕೆಂಡ್ ಕಳೆದ ಮೇಲೆ ಓದಿ. ಮೂರಕ್ಕೂ ಒಟ್ಟಿಗೇ ಆದೇಶ ಹೋಗುವುದರಿಂದ ಕಾಯುವ ಸಮಯ ಮೂರು ಪಟ್ಟಾಗುವುದಿಲ್ಲ. ಓದುವುದು ಮಾತ್ರ ಒಂದೊಂದಾಗಿ, ಅವುಗಳ 64 ಬಿಟ್ ವಿಳಾಸ ಹಿಡಿದು. ಒಂದನೆಯದು, ಎರಡನೆಯದು ಎಂದು ಕ್ರಮಸಂಖ್ಯೆಯಿಂದ ಕರೆಯುವ ಅಭ್ಯಾಸ ನನಗೆ ಸುತರಾಂ ಹಿಡಿಸದು. ಒಂದು ಸೆನ್ಸರ್ ಕಳಚಿಕೊಂಡರೆ ಅದರ ನಂತರದವು ಒಂದೊಂದು ಸ್ಥಾನ ಮುಂದೆ ಬರುತ್ತವೆ, ಫ್ರಿಜ್ಜಿನ ತಾಪಮಾನ ಕೋಣೆಯ ಹೆಸರಿನಲ್ಲಿ ಕಾಣುತ್ತದೆ, ತಪ್ಪಾಗಿದೆ ಎಂದು ಎಲ್ಲೂ ಸುಳಿವು ಸಿಗುವುದಿಲ್ಲ.

ಪ್ರಶ್ನೆ: ಲೈಬ್ರರಿ ಇಲ್ಲದೆ ನಾನೇ ಕೋಡ್ ಬರೆದಿದ್ದೇನೆ. ಫ್ರೀಜರಿನಲ್ಲಿಟ್ಟರೆ 4085 ಡಿಗ್ರಿ ಎನ್ನುತ್ತದೆ!

ಉತ್ತರ: ಎರಡು ಬೈಟನ್ನು ಚಿಹ್ನೆಯಿಲ್ಲದ, ಅಂದರೆ ಮೈನಸ್ ತಿಳಿಯದ, ಪೂರ್ಣಾಂಕದಲ್ಲಿ ತುಂಬಿಕೊಂಡಿದ್ದೀರಿ. -10.125 ಡಿಗ್ರಿಗೆ ಸೆನ್ಸರ್ ಕಳಿಸುವುದು ಹೆಕ್ಸ್ ಎಫ್‌ಎಫ್5ಇ. ಚಿಹ್ನೆಯಿಲ್ಲದೆ ಓದಿದರೆ ಅದು 65374, ಭಾಗ 16, ಉತ್ತರ 4085.875. ಚಿಹ್ನೆಯಿರುವ 16 ಬಿಟ್ ಪೂರ್ಣಾಂಕಕ್ಕೆ ಬದಲಿಸಿದರೆ ಅದೇ ಬೈಟುಗಳು -162 ಆಗುತ್ತವೆ, ಲೆಕ್ಕ ಸರಿಹೋಗುತ್ತದೆ.

ಪ್ರಶ್ನೆ: 0.0625 ಡಿಗ್ರಿಯಷ್ಟು ಸೂಕ್ಷ್ಮ ಎನ್ನುತ್ತಾರೆ. ಪಕ್ಕಪಕ್ಕ ಇಟ್ಟ ಎರಡು ಸೆನ್ಸರಿನ ನಡುವೆ 0.4 ವ್ಯತ್ಯಾಸ ಬರುತ್ತದಲ್ಲ?

ಉತ್ತರ: 0.0625 ಎಂಬುದು ಮೆಟ್ಟಿಲಿನ ಎತ್ತರ, ನಿಖರತೆಯಲ್ಲ. -10ರಿಂದ 85 ಡಿಗ್ರಿವರೆಗೆ ತಯಾರಕರ ಭರವಸೆ ±0.5, ಹಾಗಾಗಿ ನಿಮ್ಮ ಎರಡೂ ಸೆನ್ಸರ್ ನಿರಪರಾಧಿಗಳು. ಇನ್ನೂ ಹತ್ತಿರ ಬೇಕಿದ್ದರೆ, ನೀರು ಒಳಹೋಗದಂತೆ ಮುಚ್ಚಿದ ಪ್ರೋಬನ್ನು ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಅದ್ದಿ, ಕಲಕುತ್ತಾ, ಅಂಕಿ ನಿಂತ ಮೇಲೆ 0ರಿಂದ ಎಷ್ಟು ಆಚೀಚೆ ಇದೆ ಎಂದು ಬರೆದಿಟ್ಟುಕೊಳ್ಳಿ. ಆ ತಿದ್ದುಪಡಿಯನ್ನು ಸೆನ್ಸರಿನ ವಿಳಾಸದ ಜೊತೆಗೇ ಉಳಿಸಿ. 0ರ ಆಸುಪಾಸಿಗೆ ಮಾತ್ರ ಅದನ್ನು ನಂಬಿ. ಕುದಿಯುವ ನೀರಿಗೂ ಅದೇ ಸಂಖ್ಯೆ ಕೂಡಿಸಬೇಡಿ.